ದೇವದುರ್ಗದ ಉದ್ದಕಾಲಿನವರು

ನಿನ್ನೆ ಸಂಜೆ ಅಡುಗೆಮನೆಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದೆ. ನೀವು ಮೊಮ್ಮಕ್ಕಳು ಪಡಸಾಲೆಯಲ್ಲಿ ಟೀವಿ ಮುಂದೆ ಕೂತು ಒಬ್ಬ ಉದ್ದಕಾಲಿನ ಫುಟ್‌ಬಾಲ್ ಆಟಗಾರನಿಗೆ ಬೈಯುತ್ತಿದ್ದಿರಿ. ‘ಈತನ್ನ ಹೊರಗ ಹಾಕಬೇಕು’ ಎಂದು ಒಬ್ಬರು. ‘ಇರಲಿ ಬಿಡು ಲೇ, ಯಾವಾಗರ ಹೊಡೀತಾನ’ ಎಂದು ಇನ್ನೊಬ್ಬರು. ನನಗೆ ನಗು ಬಂತು. ಯಾಕೆಂದು ಕೇಳಿದಿರಿ. ಎದುರಿಗೆ ಹೇಳಲು ಈ ವಯಸ್ಸಿನಲ್ಲೂ ನಾಚಿಕೆ ನನಗೆ. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಕಲಿತ ಅಕ್ಷರ, ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿರಿ.

ನಿಜಾಮರ ಕಾಲದ ಮಾತು. ನಮ್ಮ ತವರು ಮಾನ್ವಿ. ನನಗೆ ದೇವದುರ್ಗದಿಂದ ಒಂದು ಸಂಬಂಧ ಬಂದಿತ್ತು, ನಿಮ್ಮ ತಾತನದು. ಹೆಣ್ಣು ಕೊಡುವ ಮುಂಚೆ ಎತ್ತು ಕೊಳ್ಳಲು ಬಂದವರ ಹಾಗೆ ಆ ಊರ ಸಂತೆಯಲ್ಲಿ ತಿರುಗಿ, ಮೆಲ್ಲಗೆ ಹುಡುಗನ ನಡತೆ ವಿಚಾರಿಸುವುದು ಆಗಿನ ರೂಢಿ. ನಮ್ಮಪ್ಪನೂ ಹೋದ. ಕುಡಿಯುತ್ತಾನೇನು, ಸಿಟ್ಟಿನವನೇನು ಎಂದು ಏನು ಕೇಳಿದರೂ ಸಂತೆಯವರು ಹೇಳಿದ್ದು ಫುಟ್‌ಬಾಲಿನ ಸುದ್ದಿಯೇ.

‘ಆತನ ಸಿಟ್ಟು ಬಿಡ್ರಿ, ಕಾಲು ಕೇಳ್ರಿ. ಎದುರಿಗೆ ಯಾರೂ ಇಲ್ಲಂದ್ರ ಆಕಾಶಕ್ಕ ಒದೀತಾನ!’ ಎಂದನಂತೆ ಚಹಾದ ಅಂಗಡಿಯವನು.

‘ಸುಮ್ನಿರು ಲೇ, ಹೋದ ಸಲ ಬೆನ್ನು ತಿರುಗಿಸಿ ಗೋಲು ಹೊಡದಾಂವ ಯಾರು?’ ಎಂದು ಪಕ್ಕದವನು ಜಗಳಕ್ಕೆ ನಿಂತ.

ಅಪ್ಪ ತಿರುಗಿ ಬಂದಾಗ ಅವ್ವ ಕೇಳಿದಳು, ‘ಹುಡುಗ ಹೆಂಗದಾನ್ರಿ?’

‘ಗೋಲಿನ ಮುಂದ ಭರವಸೆ ಇಲ್ಲಂತ. ಬ್ಯಾರೆ ಏನೂ ತಿಳೀಲಿಲ್ಲ.’

ನಮ್ಮ ಮಾನ್ವಿಯವರು ಮಾತ್ರ ನಿಮ್ಮ ತಾತನನ್ನು ಬಾಯಿತುಂಬ ಹೊಗಳುತ್ತಿದ್ದರು. ನಮ್ಮ ತಂಡದ ಎದುರು ಅವರಷ್ಟು ಗೋಲು ತಪ್ಪಿಸಿದವರು ಇನ್ನೊಬ್ಬರಿರಲಿಲ್ಲ!

ನಮ್ಮ ಕಾಕಾನಿಗೆ ನನ್ನನ್ನು ಕವಿತಾಳದ ಒಬ್ಬ ಅಂಗಡಿಯವನಿಗೆ ಕೊಡುವ ಮನಸ್ಸು. ಹೆಂಡತಿ ತೀರಿಕೊಂಡಿದ್ದ, ವಯಸ್ಸಾದ ಮನುಷ್ಯ. ಅಪ್ಪ ಎರಡು ಕಡೆಯೂ ಮನಸ್ಸಿಟ್ಟು ಕೂತ. ಕಡೆಗೆ, ರಾಯಚೂರಿನಲ್ಲಿ ಹುಡುಗನ ಪಂದ್ಯ ಇದೆ, ಕಣ್ಣಾರೆ ನೋಡಿ ತೀರ್ಮಾನ ಮಾಡೋಣ ಎಂದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ರೂಢಿಯೂ ಇರಲಿಲ್ಲ.

ರಾಯಚೂರಿನ ಸೋದರತ್ತೆಯ ಮನೆಯ ಮಾಳಿಗೆಯಿಂದ ಮೈದಾನ ಕಾಣುತ್ತಿತ್ತು. ಗಂಡಸರು ಕೆಳಗೆ, ನಾವು ಸೆರಗು ಹೊದ್ದು ಮೇಲೆ. ನಿಮ್ಮ ತಾತ ಓಡಿದರೆ ಒಂಟೆ ಹಗ್ಗ ಹರಿದುಕೊಂಡು ಬಂದ ಹಾಗಿತ್ತು. ಒಂದು ಸಲ ಗೋಲಿನ ಎದುರಿಗೇ ನಿಂತು ಒದ್ದ ಚೆಂಡು ಮೈದಾನ ದಾಟಿ, ನಮ್ಮ ಗೋಡೆಗೆ ಒತ್ತಿ ಕೂತಿದ್ದ ಮುದುಕಿಯ ಭಜಿ ಬುಟ್ಟಿಗೆ ಬಿತ್ತು. ಚೆಂಡು ಆಟಕ್ಕೆ ಮರಳಿದರೂ ಅದನ್ನು ತರಲು ಬಂದಿದ್ದ ಅವರು ಮಾತ್ರ ಚೆಲ್ಲಿದ ಭಜಿ ಆರಿಸುತ್ತ ಕೂತರು. ಒಂದರ ಮಣ್ಣು ಊದಿ ಬಾಯಿಗೂ ಹಾಕಿಕೊಂಡರು.

‘ತಿನ್ನೋದು ಆಮ್ಯಾಲ ತಿನ್ನಪ್ಪಾ, ಮೊದಲು ಗೋಲು ಹೊಡಿ!’ ಎಂದಳು ಮುದುಕಿ.

ಅವರು ನಕ್ಕು ಓಡಿದರು. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಬಂದ ಚೆಂಡು ಅವರ ಮೊಣಕಾಲಿಗೆ ತಾಕಿ ಗೋಲಿನೊಳಗೆ ಹೋಯಿತು. ಹೊಡೆದವರು ಯಾರೆಂದು ಅವರೇ ಹಿಂದೆ ತಿರುಗಿ ನೋಡಿದರು.

ಸಂಜೆ ಊಟಕ್ಕೆ ಕೂತಾಗ ಕಾಕಾ ಪಂದ್ಯವನ್ನೆಲ್ಲ, ಒಲೆಯ ಮುಂದೇ ಉಳಿದಿದ್ದ ಅವ್ವನಿಗೆ ಒಪ್ಪಿಸಿದ. ಬಿದ್ದದ್ದು, ತಪ್ಪಿಸಿದ್ದು, ‘ಆಟ ನಡದಾಗ ಭಜಿ ತಿನ್ನಾಕತ್ತಿದ್ದ ವೈನಿ! ಇಂಥಾಂವ ಸಂಸಾರ ಮಾಡ್ತಾನೇನು? ಕವಿತಾಳಕ್ಕ ನಾಳೆನ ಹೇಳಿ ಕಳಿಸೋಣು.’ ಅಪ್ಪ ಆಗಲಿ ಎಂದು ತಲೆ ಆಡಿಸಿದ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಗಂಡಸರ ಮುಂದೆ ಎಂದೂ ಬಾಯಿ ತೆರೆದವಳಲ್ಲ ನಾನು.

‘ಕಾಕಾ, ಗೋಲು ಹೇಳೋದು ಬಿಟ್ಟ್ರಿ’ ಎಂದೆ.

ಅಪ್ಪ ಬಾಗಿಲ ಕಡೆ ನೋಡಿ ಒಮ್ಮೆಲೇ ನಕ್ಕುಬಿಟ್ಟ. ‘ಹೌದಲ್ಲೋ ತಮ್ಮಾ, ಗೋಲು ಬಿಟ್ಟೆಲ್ಲ! ನಡಿ, ದೇವದುರ್ಗಕ್ಕ ಹೇಳಿ ಕಳಿಸು.’

ಸಂಸಾರದಲ್ಲೂ ಅವರು ಹಾಗೇ. ಬೆಲ್ಲ ತರ್ರಿ ಎಂದರೆ ಉಪ್ಪು. ಏನೂ ಬೇಡವೆಂದ ದಿನ ರಾಯಚೂರಿನಿಂದ ಕುಪ್ಪಸದ ಖಣ. ಮೊಣಕಾಲಿನ ಗೋಲು ಗೋಲೇ ಅಲ್ಲ ಎಂದು ಕಾಕಾ ಹಬ್ಬಕ್ಕೆ ಬಂದಾಗಲೆಲ್ಲ ವಾದಿಸುತ್ತಿದ್ದ. ಅವರು ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ ‘ಖರೇ ಅದ ಬಿಡ್ರಿ ಮಾವಾ’ ಎನ್ನುತ್ತಿದ್ದರು. ಈಗ ಇಬ್ಬರೂ ಇಲ್ಲ. ವಾದ ನಿಮ್ಮ ಪಡಸಾಲೆಗೆ ಬಂದಿದೆ.

ಮುಂದಿನ ಆಟದ ದಿನ ಭಜಿ ಮೊದಲೇ ಕರಿದಿಟ್ಟು ನಾನೂ ನಿಮ್ಮ ಜೊತೆ ಬಂದು ಕೂಡುತ್ತೇನೆ. ಆ ಉದ್ದಕಾಲಿನವನಿಗೆ ಬೈಯುವಷ್ಟು ಬೈಯಿರಿ, ನಾನು ಸುಮ್ಮನಿರುತ್ತೇನೆ. ಗೋಲು ಆದರೆ ಮಾತ್ರ ಸುಮ್ಮನಿರುವವಳಲ್ಲ.