ಮೆಣಸಗಿಯ ಕಡತದಲ್ಲಿ ನನ್ನ ಅಕ್ಷರ

ಇಂಥ ಅನುಭವ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಕಾಲೇಜಿನ ಹಾಸ್ಟೆಲಿನಲ್ಲಿ ಒಬ್ಬಳಿದ್ದಳು. ಅವಳ ಸತ್ತ ಅಜ್ಜಿ ಕನಸಿನಲ್ಲಿ ಬಂದು ಪರೀಕ್ಷೆಯ ಪ್ರಶ್ನೆಗಳನ್ನು ಹೇಳಿಹೋಗುತ್ತಿದ್ದಳಂತೆ. ಹಾಗಿದ್ದೂ ಎರಡು ವಿಷಯದಲ್ಲಿ ಫೇಲಾದಳು. ಅದನ್ನೇ ಎತ್ತಿ ಆಡಿ ಎಲ್ಲರನ್ನೂ ನಗಿಸಿದವಳು ನಾನು. ಈಗ ಇದನ್ನು ಬರೆಯಲು ಕೂತರೆ ಅವಳ ಮುಖವೇ ಕಣ್ಣೆದುರು ಬರುತ್ತದೆ. ನೀವು ನಕ್ಕರೆ ನನ್ನ ತಕರಾರಿಲ್ಲ. ನಡೆದದ್ದರ ಬಗ್ಗೆ ನನಗೂ ಹೆದರಿಕೆಗಿಂತ ಬೇಸರವೇ ಹೆಚ್ಚು.

ನಾನು ನರಗುಂದದವಳು. ಅವ್ವ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಖಾನಾವಳಿ ನಡೆಸುತ್ತಾಳೆ. ನಾನು ಓದಿದ ಬಿ.ಕಾಂ.ನಲ್ಲಿ ಕೊನೆಯ ವರ್ಷ ಪೂರ್ತಿ ಯಾವುದಾದರೂ ಹಣಕಾಸು ಕಂಪನಿಯಲ್ಲಿ ಕೆಲಸ ಕಲಿಯಬೇಕಿತ್ತು. ಕಂಪನಿಯವರು ಪ್ರಮಾಣಪತ್ರ ಕೊಟ್ಟರೆ ಮಾತ್ರ ಪದವಿ. ನನಗೆ ಸಿಕ್ಕಿದ್ದು ಮುಂಬೈಯಲ್ಲಿ, ಮನೆ ಕಟ್ಟಲು ಸಾಲ ಕೊಡುವ ಒಂದು ಕಂಪನಿಯ ಮುಖ್ಯ ಕಚೇರಿಯಲ್ಲಿ. "ನಮ್ಮ ಹುಡುಗಿ ಮುಂಬೈದಾಗ ಫೈನಾನ್ಸಿನ್ಯಾಗ ಅದಾಳ್ರಿ" ಎಂದು ಅವ್ವ ಊಟಕ್ಕೆ ಬಂದವರಿಗೆಲ್ಲ ಹೇಳಿಕೊಂಡಳು. ನಾನೂ ಷೇರು, ಬಂಡವಾಳ ಅಂತೆಲ್ಲ ಏನೇನೋ ಕಲ್ಪಿಸಿಕೊಂಡು ಹೋಗಿದ್ದೆ.

ಹೋದ ಮೂರನೇ ದಿನವೇ ನನ್ನನ್ನು ಕಡತಗಳ ಕೋಣೆಗೆ ತಳ್ಳಿದರು. ಕರ್ನಾಟಕದ ಶಾಖೆಗಳ ಹಳೆಯ ಕಡತಗಳು ಅಲ್ಲಿ ರಾಶಿ ಬಿದ್ದಿದ್ದವು, ಇಡೀ ಮಹಡಿಯಲ್ಲಿ ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ. ದಿನಾ ಒಂದೂವರೆ ಗಂಟೆ ಲೋಕಲ್ ರೈಲಿನಲ್ಲಿ ಜನರ ಮೊಣಕೈ ತಿವಿತ ತಿಂದುಕೊಂಡು ಹೋಗುವುದು, ಸಂಜೆತನಕ ಪಿನ್ನು ಕೀಳುವುದು, ಧೂಳು ಜಾಡಿಸುವುದು, ಪುಟ ಎಣಿಸುವುದು, ಮತ್ತೆ ಪಿನ್ನು ಹೊಡೆಯುವುದು. ಬೇರೆ ಕೆಲಸ ಕೊಡಿ ಎಂದು ನಮ್ಮ ಮೇಲಧಿಕಾರಿ ಸಾವಂತ ಅವರನ್ನು ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಮುಂದಿನ ತಿಂಗಳು ಎಂದರು.

ಒಂಬತ್ತನೇ ತಿಂಗಳಲ್ಲಿ ಆಡಿಟ್‌ನವರು ಬರುವ ಸುದ್ದಿ ಬಂತು. ಸಾಲ ಕೊಡುವ ಮೊದಲು ಕಂಪನಿಯ ಕಡೆಯವರೊಬ್ಬರು ಊರಿಗೆ ಹೋಗಿ, ಮನೆ ನೋಡಿ, ನಾಲ್ಕೂ ದಿಕ್ಕಿಗೆ ಏನಿದೆ ಎಂದು ಬರೆದು ಸಹಿ ಹಾಕಬೇಕು. ಆ ವರದಿ ಇಲ್ಲದ ಕಡತಗಳ ಪಟ್ಟಿ ಮಾಡಲು ನನಗೆ ಹೇಳಿದರು. ಪುಟಪುಟ ತಿರುವಿ ಪಟ್ಟಿ ಮಾಡಿದೆ. ಅದರಲ್ಲಿ ರೋಣ ತಾಲ್ಲೂಕಿನ ಮೆಣಸಗಿಯ ಒಂದು ಕಡತವೂ ಇತ್ತು. ನಮ್ಮ ಕಡೆಯ ಊರಲ್ಲವೇ ಎಂದು ಅದನ್ನು ಎರಡು ಸಲ ನೋಡಿದ್ದೆ. ವರದಿ ಇರಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ.

ವಾರದ ನಂತರ ಆಡಿಟ್‌ನವರ ಮುಂದೆ ಅದೇ ಕಡತ ತೆಗೆದಾಗ ವರದಿ ಇತ್ತು. ಸಾವಂತ ನನ್ನನ್ನು ಕರೆದು ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಅಕ್ಷರ ನನ್ನದು. ಹೋಲುವಂಥದ್ದಲ್ಲ, ನನ್ನದೇ. 'ಳ' ಬರೆಯುವಾಗ ನಾನು ಬಾಲವನ್ನು ಒಳಗೆ ಸುತ್ತುತ್ತೇನೆ, ಅದಕ್ಕೆ ಐದನೇ ತರಗತಿಯ ಮಾಸ್ತರರಿಂದ ಏಟು ತಿಂದಿದ್ದೇನೆ. 'ಪಶ್ಚಿಮ' ಎನ್ನುವುದನ್ನು ಇಷ್ಟು ಓದಿದ ಮೇಲೂ 'ಪಶ್ಛಿಮ' ಎಂದೇ ಬರೆಯುತ್ತೇನೆ. ಎರಡೂ ಅಲ್ಲಿದ್ದವು. ಕೆಳಗೆ ನನ್ನ ಸಹಿ. ಪಕ್ಕದ ತಾರೀಖು ಮಾತ್ರ ನಾನು ಏಳನೇ ತರಗತಿಯಲ್ಲಿದ್ದ ವರ್ಷದ್ದು. ಆಗ ನನಗೆ ಸಹಿ ಅನ್ನುವುದೇ ಇರಲಿಲ್ಲ. ಆ ಸಹಿಯನ್ನು ಕಾಲೇಜಿಗೆ ಸೇರಿದ ಮೇಲೆ ಬ್ಯಾಂಕಿನಲ್ಲಿ ಖಾತೆ ತೆರೆಯಲೆಂದು ನೋಟ್‌ಬುಕ್ಕಿನ ಹಿಂದೆ ಬರೆದು ಬರೆದು ರೂಢಿ ಮಾಡಿಕೊಂಡಿದ್ದೆ.

"ನಿನ್ನ ಅಕ್ಷರ ಹೌದೋ ಅಲ್ಲವೋ, ಅಷ್ಟು ಹೇಳು" ಎಂದರು ಸಾವಂತ ಹಿಂದಿಯಲ್ಲಿ. ಹೌದೆಂದರೆ ಸುಳ್ಳು ವರದಿ ಸೇರಿಸಿದವಳಾಗುತ್ತೇನೆ. ಅಲ್ಲವೆಂದರೆ ಕಣ್ಣೆದುರಿನದಕ್ಕೇ ಸುಳ್ಳು ಹೇಳಿದ ಹಾಗೆ. ಅಕ್ಷರ ನನ್ನದು, ಬರೆದವಳು ನಾನಲ್ಲ ಎಂದೆ. ಅವರು ನನ್ನನ್ನು ಮೂರು ದಿನ ಸ್ವಾಗತದ ಮೇಜಿನ ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಕೆಲಸವಿಲ್ಲ, ಮಾತಿಲ್ಲ. ಪ್ರಮಾಣಪತ್ರ ಹೋಯಿತು, ಪದವಿ ಹೋಯಿತು, ಇನ್ನು ಅವ್ವನ ಜೊತೆ ರೊಟ್ಟಿ ಬಡಿಯುವುದೇ ಎಂದು ಕೂತಿದ್ದೆ.

ನಾಲ್ಕನೇ ದಿನ ಕಂಪ್ಯೂಟರಿನವರು ಆ ಕಡತದ ಹಳೆಯ ಸ್ಕ್ಯಾನ್ ಹುಡುಕಿ ತೆಗೆದರು. ಆ ಕಡತ ಮೊದಲಿದ್ದ ಗಜೇಂದ್ರಗಡದ ಶಾಖೆ ಮುಚ್ಚಿದಾಗ, ಅಂದರೆ ನಾನು ಪಿಯುಸಿ ಓದುವಾಗ ಮಾಡಿದ್ದು. ಅದರಲ್ಲಿಯೂ ಆ ಪುಟ ಇತ್ತು. ಹಾಗಾಗಿ ನಾನು ಸೇರಿಸಿದ್ದಲ್ಲ ಎಂದು ಸಾಬೀತಾಯಿತು. ನಾನು ಉಸಿರು ಬಿಡುವಷ್ಟರಲ್ಲಿ, ಇದ್ದ ಪುಟವನ್ನು ಇಲ್ಲವೆಂದು ಬರೆದಿದ್ದಕ್ಕೆ ಎಚ್ಚರಿಕೆಯ ಪತ್ರ ಕೈಗೆ ಬಂತು! ಆದರೆ ಸರ್, ಅಕ್ಷರ ಎಂದೆ. ಒಬ್ಬರ ಅಕ್ಷರ ಇನ್ನೊಬ್ಬರದನ್ನು ಹೋಲುತ್ತದೆ, ಊಟಕ್ಕೆ ಹೋಗು ಎಂದರು ಸಾವಂತ. ಇಷ್ಟು ದೊಡ್ಡ ಕಚೇರಿಯಲ್ಲಿ ಆ ಹಾಳೆಯನ್ನು ಇನ್ನೊಮ್ಮೆ ನೋಡೋಣ ಅನ್ನುವವರು ಒಬ್ಬರೂ ಇರಲಿಲ್ಲ.

ನಾನು ನೋಡಿದ್ದೆ. ಷರಾ ಬರೆಯುವ ಜಾಗದಲ್ಲಿ ಮೂರು ಸಾಲುಗಳಿದ್ದವು: 'ಹಿತ್ತಲಿನ ಬಾವಿಗೆ ಕಟ್ಟೆ ಇಲ್ಲ. ಮನೆಯಲ್ಲಿ ಕೂಸು ಇದೆ. ಬೇಗ ಮುಚ್ಚಿಸಬೇಕು.' ಸಾಲದ ವರದಿಯಲ್ಲಿ ಇದನ್ನು ಯಾರು ಬರೆಯುತ್ತಾರೆ?

ಮುಂದಿನ ತಿಂಗಳು ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದೆ. ನಾನು ಏಳನೇ ತರಗತಿಯಲ್ಲಿದ್ದಾಗ ಜ್ವರಗಿರ ಬಂದು ಮಲಗಿದ್ದೆನೇ, ಎಲ್ಲಿಗಾದರೂ ತಪ್ಪಿಸಿಕೊಂಡು ಹೋಗಿದ್ದೆನೇ ಎಂದು ಅವ್ವನನ್ನು ಕೇಳಿದೆ.

"ಆ ವರ್ಷ ಒಂದ ದಿನಾನೂ ಸಾಲಿ ಬಿಟ್ಟಿಲ್ಲ ನೀ. ದಿನಾ ಬರ್ತಾಳಂತ ಸ್ಟೀಲಿನ ಡಬ್ಬಿ ಬಹುಮಾನ ಕೊಟ್ಟಿದ್ರು, ಉಪ್ಪ ಅದರಾಗ ಐತಿ ನೋಡು" ಎಂದಳು. ನೆಪ ಹೇಳಿಕೊಳ್ಳಲು ಒಂದು ಜ್ವರ ಕೂಡ ಇರಲಿಲ್ಲ.

ಮರುದಿನ ರೋಣಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಮೆಣಸಗಿಗೆ ಹೋದೆ. ಸುಡುವ ಮಧ್ಯಾಹ್ನ. ವರದಿಯಲ್ಲಿದ್ದ ನಾಲ್ಕೂ ದಿಕ್ಕಿನ ಗುರುತು ಬಾಯಿಪಾಠವಾಗಿದ್ದರಿಂದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯಲ್ಲಿ ಫಕೀರವ್ವ ಎಂಬ ಮುದುಕಿ ಕೂತು ಕೌದಿ ಹೊಲಿಯುತ್ತಿದ್ದಳು. ಸಾಲ ತೆಗೆದದ್ದು ಅವಳ ಮಗ, ಅವನು ಹೊಲಕ್ಕೆ ಹೋಗಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವಳು ಸೂಜಿ ಕೆಳಗಿಟ್ಟಳು.

"ಬಾರವ್ವ, ಬಾ. ಎಷ್ಟ ವರ್ಷಾತು ನಿನ್ನ ನೋಡಿ! ಹಂಗ ಅದಿ, ಒಂದೀಟೂ ಬದಲಾಗಿಲ್ಲ."

"ನನ್ನ ಯಾರಂತ ತಿಳ್ಕೊಂಡೀರಿ ಆಯಿ?"

"ಸಾಲದ ಕಂಪನಿಯಿಂದ ಮನಿ ನೋಡಾಕ ಬಂದಾಕಿ ಅಲ್ಲೇನು ನೀ?"

ಆಗ ನಾನು ನರಗುಂದದಲ್ಲಿ ಏಳನೇ ತರಗತಿಯ ಹುಡುಗಿ ಎಂದು ವಿವರಿಸಿದೆ. ಅವಳು ನಕ್ಕು, "ಇರ್ಲಿ ಬಿಡವ್ವ, ಚಾ ಕುಡಿ" ಎಂದಳು. ಮುಂಬೈಯಲ್ಲಿ ಒಬ್ಬರೂ ನಂಬದಿದ್ದರೆ ಇಲ್ಲಿ ನನ್ನ ಮಾತನ್ನೇ ಕೇಳದಷ್ಟು ನಂಬಿಕೆ. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಚಹಾ ಕುಡಿಸಿ ಹಿತ್ತಲಿಗೆ ಕರೆದೊಯ್ದಳು. ಬಾವಿಯ ಮೇಲೆ ದೊಡ್ಡ ಹಾಸುಗಲ್ಲುಗಳನ್ನು ಮುಚ್ಚಿದ್ದರು, ಮೇಲೆ ಶೇಂಗಾ ಒಣಗುತ್ತಿತ್ತು. "ನೀ ಬೈದು ಹೋದ ಮ್ಯಾಲ ಮುಚ್ಚಿಸಿದ್ವಿ. ಎಂಟ ದಿನಕ್ಕ ಹೊಳಿ ಬಂತು. ಹಿತ್ತಲದಾಗ ಮೊಣಕಾಲುದ್ದ ನೀರು, ಬಾವಿ ಎಲ್ಲಿ ನೆಲ ಎಲ್ಲಿ ಗೊತ್ತಾಗಂಗಿಲ್ಲ. ನಾವು ಕಾಳಿನ ಚೀಲ ಎತ್ತೂದರಾಗ ಇದ್ವಿ. ನೋಡಿದ್ರ ಕೂಸು ಆ ಕಲ್ಲಿನ ಮ್ಯಾಲ ನಿಂತೈತಿ." ಆ ಕೂಸು ಈಗ ಹತ್ತು ವರ್ಷದ ಹುಡುಗಿ. ಶಾಲೆಯಿಂದ ಬಂದು ನನ್ನನ್ನು ಒಮ್ಮೆ ನೋಡಿ, ಒಂದು ಹಿಡಿ ಶೇಂಗಾ ಎತ್ತಿಕೊಂಡು ಆಡಲು ಓಡಿದಳು.

ವರ್ಷ ಮುಗಿಯಿತು, ಪ್ರಮಾಣಪತ್ರ ಬಂತು, ಪದವಿಯೂ ಬಂತು. ಈಗ ಗದಗಿನಲ್ಲಿ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಂದು ಆ ಊರಿಗೆ ಹೋದವಳು ನನ್ನ ಹಾಗೆಯೇ ಇದ್ದ ಯಾರೋ ಇರಬೇಕು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡೆ. ಸರಿ, ಆ ಸಹಿ? ಮುದುಕಿಯ ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ಆದರೆ ಅವಳು ನನ್ನೆದುರಿಗೇ ಸೂಜಿಗೆ ದಾರ ಪೋಣಿಸಿದ್ದಳು. ನಿಮಗೇನಾದರೂ ತಿಳಿದರೆ ಹೇಳಿ. ಜಾತಕ, ಪೂರ್ವಜನ್ಮ ಮಾತ್ರ ಬೇಡ, ಅವನ್ನೆಲ್ಲ ಕೇಳಿ ಕೇಳಿ ಸಾಕಾಗಿದೆ.

ಒಂದು ಸಂಗತಿಯನ್ನು ಅವ್ವನಿಗೂ ಹೇಳಿಲ್ಲ. ಅಂದು ನನ್ನನ್ನು ಬಸ್ಸು ಹತ್ತಿಸಲು ಫಕೀರವ್ವ ರಸ್ತೆಯತನಕ ಬಂದಿದ್ದಳು. ಬಸ್ಸು ನಿಂತಿತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವಳು ಏನೋ ನೆನಪಾದವಳಂತೆ, "ಯವ್ವಾ, ಆವತ್ತ ನಿನ್ನ ಕೂಡ ಬಂದಾಕಿ ಬರ್ಲಿಲ್ಲೇನು?" ಎಂದು ಕೇಳಿದಳು.

"ಇಲ್ರೀ ಆಯಿ, ಆಕಿ ಈ ಸರ್ತಿ ಬರ್ಲಿಲ್ಲ" ಎಂದೆ.

ಯೋಚಿಸಿ ಹೇಳಿದ ಮಾತಲ್ಲ. ಮನೆಯವರ ಬಗ್ಗೆ ಕೇಳಿದರೆ ಹೇಳುವಷ್ಟೇ ಸಲೀಸಾಗಿ ಬಾಯಿಂದ ಬಂತು. ಅವಳು ತಲೆಯಾಡಿಸಿದಳು, ಬಸ್ಸು ಹೊರಟಿತು. ಕಿಟಕಿಯ ಪಕ್ಕ ಕೂತು ಟಿಕೆಟ್ ತೆಗೆದುಕೊಂಡ ಮೇಲೆ ನಾನಾಡಿದ ಮಾತು ನನಗೇ ಕೇಳಿಸಿತು. ಬರಲಿಲ್ಲವೆಂದು ನಾನು ಹೇಳಿದ್ದು ಯಾರ ಬಗ್ಗೆ?