ಹಾಸಿಗೆಯ ಮೇಲೆ ಕುಣಿದ ಅಕ್ಕ

ನನ್ನ ಅಕ್ಕನಿಗೆ ಈಗ ನಲವತ್ತೊಂಬತ್ತು. ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ. ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ, ಒಗೆದು ಒಣಗಿ ಬಂದ ಬೆಡ್‌ಶೀಟುಗಳನ್ನು ಮಡಚಿ, ವಾರ್ಡಿಗೆ ಇಷ್ಟು ಅಂತ ಕಟ್ಟು ಕಟ್ಟಿ ಇಡಬೇಕು. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಅವಳ ಸೊಂಟ ಕೈಕೊಟ್ಟಿದೆ. ಮೆತ್ತನೆ ಹಾಸಿಗೆ ಮುಟ್ಟಬೇಡಿ, ನೆಲದ ಮೇಲೆ ಕಂಬಳಿ ಹಾಸಿಕೊಂಡು ಮಲಗಿ ಅಂದರು ಡಾಕ್ಟರು. ಅದನ್ನು ಕೇಳಿ ಆಸ್ಪತ್ರೆಯ ಹಳಬರೆಲ್ಲ ನಕ್ಕರಂತೆ. ನಗದೆ ಇನ್ನೇನು ಮಾಡಿಯಾರು, ಈ ಊರಿನವರಿಗೆ ಹಾಸಿಗೆ ಅಂದರೆ ನೆನಪಾಗುವುದೇ ಅಕ್ಕ.

ನಾವು ಚಿಕ್ಕವರಿದ್ದಾಗ ನಮ್ಮೂರಿಗಷ್ಟೇ ಕಾಣುವ ಒಂದು ಟಿವಿ ಚಾನೆಲ್ ಇತ್ತು. ಸಂಜೆ ಏಳರಿಂದ ಎಂಟು. ನಡುನಡುವೆ ಊರಿನ ಅಂಗಡಿಗಳ ಜಾಹೀರಾತು. ನನ್ನ ವಯಸ್ಸಿನವರು ನಾಲ್ಕು ಜನ ಸೇರಿದರೆ ಈಗಲೂ ಅದೇ ಮಾತು. ಬೀಗದ ಅಂಗಡಿಯ ಯಜಮಾನ ತನ್ನ ಬೀಗವನ್ನು ಎರಡೂ ಕೈಯಲ್ಲಿ ಜಗ್ಗಿ ತೋರಿಸುವಾಗ ಅದು ಕೈಯಲ್ಲೇ ಬಿಚ್ಚಿಕೊಂಡಿತ್ತು. ಮತ್ತೆ ಚಿತ್ರ ತೆಗೆಯುವುದು ದಂಡ ಅಂತ ಹಾಗೆಯೇ ಬಿಟ್ಟಿದ್ದರು. ಛತ್ರಿ ಅಂಗಡಿಯವರು ಮಳೆ ತೋರಿಸಲು ಮಾಳಿಗೆಯಿಂದ ನೀರು ಸುರಿದಿದ್ದರು; ಮೂಲೆಯಲ್ಲಿ ಕೊಡವೂ ಅದನ್ನು ಹಿಡಿದ ಕೈಯೂ ಕಾಣುತ್ತಿತ್ತು. ಕನ್ನಡಕದ ಅಂಗಡಿಯವನು ಎದುರಿಗೆ ಬರೆದಿಟ್ಟಿದ್ದನ್ನು ಓದಲಾಗದೆ ತಡವರಿಸುತ್ತಿದ್ದ. ಈಗಿನ ಜಾಹೀರಾತುಗಳಿಗೆ ಕೋಟಿಗಟ್ಟಲೆ ಸುರಿಯುತ್ತಾರಂತೆ, ಒಂದಾದರೂ ಬೆಳಗಾಗುವವರೆಗೆ ನೆನಪಿರುತ್ತದೆಯೇ? ನಿನಗೆ ವಯಸ್ಸಾಯಿತು ಅನ್ನುತ್ತಾಳೆ ನನ್ನ ಹೆಂಡತಿ. ಆಯಿತು, ಬಿಡಿ.

ಅವುಗಳಲ್ಲೆಲ್ಲ ಹೆಸರು ಮಾಡಿದ್ದು ಹಾಸಿಗೆ ಅಂಗಡಿಯದು. ಒಂದು ಮಂಚ, ಮಂಚದ ಮೇಲೆ ದಪ್ಪನೆಯ ಹತ್ತಿ ಹಾಸಿಗೆ, ಅದರ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಕುಣಿಯುತ್ತಾಳೆ. ಒಂದೊಂದು ಸಲಕ್ಕೂ ಇನ್ನಷ್ಟು ಮೇಲೆ ಹಾರುತ್ತಾಳೆ. ಪಕ್ಕದಲ್ಲಿ ಅಂಗಡಿ ಯಜಮಾನರ ಹೆಂಡತಿ ತಾಯಿಯ ಹಾಗೆ ನಿಂತು, ಸಾಕು ಇಳಿಯಮ್ಮ ಅನ್ನುತ್ತಾರೆ. ಹುಡುಗಿ ಗಾಳಿಯಲ್ಲಿರುವಾಗಲೇ "ಇನ್ನೊಂದ್ಸಲ" ಅನ್ನುತ್ತಾಳೆ. ಅಷ್ಟೇ. ಆ ಹುಡುಗಿಯೇ ಅಕ್ಕ. ಆಗ ಅವಳಿಗೆ ಒಂಬತ್ತು, ನನಗೆ ಆರು.

ಊರಿನ ಮಕ್ಕಳೆಲ್ಲ ಅದನ್ನು ನೋಡಿ ಮನೆಯ ಹಾಸಿಗೆಯ ಮೇಲೆ ಕುಣಿದರು. ನಾನೂ ಕುಣಿದೆ. ಹತ್ತಿ ಹಾಸಿಗೆ ಧಡ್ ಅಂತ ಕೂತಲ್ಲೇ ಕೂತಿತು, ನಾನು ನಾಲಿಗೆ ಕಚ್ಚಿಕೊಂಡೆ. ಹಾಸಿಗೆಯದ್ದೇನೂ ತಪ್ಪಿಲ್ಲ, ಅಕ್ಕನ ಕಾಲಲ್ಲೇ ಏನೋ ಇದೆ ಅಂದುಕೊಂಡೆ. ಶಾಲೆಯಲ್ಲಿ ಅದನ್ನೇ ಹೇಳಿ ಮೆರೆದೆ.

ಅಕ್ಕನಿಗೆ ಮಾತ್ರ ಅದು ಅಂಟಿದ ಪೀಡೆ. ಅವಳ ಹೆಸರು ಊರಿಗೆ ಮರೆತೇ ಹೋಯಿತು, ಎಲ್ಲರಿಗೂ ಅವಳು "ಇನ್ನೊಂದ್ಸಲ". ತರಕಾರಿಯವನು ತಕ್ಕಡಿ ಹಿಡಿದು, ಒಂದ್ಸಲ ಹೇಳಮ್ಮ, ಹಿಡಿ ಜಾಸ್ತಿ ಹಾಕ್ತೀನಿ ಅನ್ನುತ್ತಿದ್ದ. ಭಾವ ಹೆಣ್ಣು ನೋಡಲು ಬಂದಾಗ ಅವರ ದೊಡ್ಡಪ್ಪ, ಹುಡುಗಿ ಹಾಡೋದೇನೂ ಬೇಡ, ಆ ಮಾತೊಂದು ಹೇಳಲಿ ಅಂದರು. ಅಕ್ಕ ತಲೆ ತಗ್ಗಿಸಿ ಕೂತಳೇ ಹೊರತು ತುಟಿ ಬಿಚ್ಚಲಿಲ್ಲ. ಜಾಹೀರಾತು ಬರುವ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಒಂದು ಸಲವೂ ನೋಡಲಿಲ್ಲ. ಆ ಮಾತನ್ನು ಈ ನಲವತ್ತು ವರ್ಷದಲ್ಲಿ ಆಡಿದ್ದನ್ನು ನಾನು ಕೇಳಿಲ್ಲ. ಕೊಬ್ಬು ಅಂದುಕೊಂಡಿದ್ದೆ. ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೂ ಉಂಟು.

ಅಪ್ಪ ಅಮ್ಮ ಇಬ್ಬರೂ ಅದೇ ಅಂಗಡಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದರು. ಹತ್ತಿ ತುಂಬಿದ ಗವಸನ್ನು ಎತ್ತರದ ಮರದ ಚೌಕಟ್ಟಿನ ಮೇಲೆ ಹಾಕಬೇಕು, ಹತ್ತಿ ಸರಿಯದಂತೆ ಅಲ್ಲಲ್ಲಿ ದಾರ ಬಿಗಿಯಬೇಕು. ಅಪ್ಪ ಮೇಲಿನಿಂದ ದಬ್ಬಣ ಚುಚ್ಚುತ್ತಿದ್ದ. ಅಮ್ಮ ಚೌಕಟ್ಟಿನ ಕೆಳಗೆ ಅಂಗಾತ ಮಲಗಿ, ಹಾಸಿಗೆ ಜೋತುಬೀಳದ ಹಾಗೆ ಎರಡೂ ಪಾದ ಕೊಟ್ಟು ಮೇಲಕ್ಕೆ ಒತ್ತಿ ಹಿಡಿದು, ಇಳಿದು ಬಂದ ದಬ್ಬಣವನ್ನು ತಿರುಗಿಸಿ ಮೇಲೆ ಕಳಿಸುತ್ತಿದ್ದಳು. ದಿನವಿಡೀ ಹಾಗೆ. ಅಪ್ಪನ ಮುಖ ಅವಳಿಗೆ ಕಾಣದು, ಅವಳ ಮುಖ ಅಪ್ಪನಿಗೆ ಕಾಣದು. ದಬ್ಬಣ ಬಂದು ಹೋಗುವುದೇ ಅವರ ಮಾತುಕತೆ. ಸಂಜೆ ಮನೆಗೆ ಬಂದಾಗ ಅಮ್ಮನ ಕೂದಲಿಗೆ, ಹುಬ್ಬಿಗೆಲ್ಲ ಹತ್ತಿ ಮೆತ್ತಿಕೊಂಡಿರುತ್ತಿತ್ತು ಅಂತ ಅಕ್ಕ ಹೇಳುತ್ತಾಳೆ.

ಅಕ್ಕ ಹೇಳುತ್ತಾಳೆ ಅಂದೆ, ಯಾಕೆಂದರೆ ನನಗೆ ನೆನಪಿಲ್ಲ. ಆ ಜಾಹೀರಾತು ಬಂದ ಮರುವರ್ಷವೇ ಅಮ್ಮ ಜ್ವರ ಬಂದು ಹೋಗಿಬಿಟ್ಟಳು. ಮನೆಯಲ್ಲಿ ಅವಳದೊಂದು ಫೋಟೋ ಇಲ್ಲ. ಅಂಗಡಿಯ ಕೆಲಸಗಾರರೆಲ್ಲ ಸಾಲಾಗಿ ನಿಂತ ಒಂದು ಫೋಟೋ ಇತ್ತು. ಅದರಲ್ಲಿ ಅಮ್ಮ ಹಿಂದಿನ ಸಾಲು. ಸರಿಯಾಗಿ ಅವಳ ಮುಂದೆ ನಿಂತ ಗಾಡಿಯವನು ಬಿಸಿಲಿಗೆ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದಿದ್ದಾನೆ, ಅವನ ಮೊಣಕೈ ಅಮ್ಮನ ಮುಖವನ್ನು ನುಂಗಿಬಿಟ್ಟಿದೆ. ಆ ಗಾಡಿಯವನಿಗೆ ನಾನು ಈ ಜನ್ಮದಲ್ಲಿ ಬೈದಷ್ಟು ಬೇರೆ ಯಾರಿಗೂ ಬೈದಿಲ್ಲ.

ಇಂಥದ್ದರಲ್ಲಿ ಅಕ್ಕನದೊಂದು ಹಠ. ಆ ಜಾಹೀರಾತಿನಲ್ಲಿ ಅಮ್ಮ ಇದ್ದಾಳೆ ಅಂತ. ನಾನು ಅದನ್ನು ನೂರು ಸಲ ನೋಡಿದವನು. ಅಮ್ಮ ಎಲ್ಲಿಂದ ಬರಬೇಕು, ಅದು ಯಜಮಾನರ ಹೆಂಡತಿ ಅನ್ನುತ್ತಿದ್ದೆ. ಅವಳು, ಇದ್ದಾಳೆ ಅಂತಷ್ಟೇ ಹೇಳುತ್ತಿದ್ದಳು. ಎಲ್ಲಿ ಅಂದರೆ ಪಾತ್ರೆ ತೊಳೆಯಲು ಎದ್ದುಬಿಡುತ್ತಿದ್ದಳು. ಅಪ್ಪನನ್ನು ಕೇಳಿದರೆ ಅವನು ಎದ್ದು ಹೊರಗೆ ಹೋಗುತ್ತಿದ್ದ. ಈ ಜಗಳ ಅಪ್ಪ ಹೋದಮೇಲೂ ನಡೆದೇ ಇತ್ತು. ಜಗಳ ಆಡಿ ಆಡಿ ಇಬ್ಬರಿಗೂ ಸುಸ್ತಾಗಿ ಕೊನೆಗೆ ಆ ವಿಷಯವನ್ನೇ ಎತ್ತುತ್ತಿರಲಿಲ್ಲ.

ಹೋದ ತಿಂಗಳು ಅಕ್ಕ ತಾನಾಗಿ ಎತ್ತಿದಳು. ಅವಳ ಮನೆಯ ನಲ್ಲಿಯ ವಾಷರ್ ಹಾಕಲು ಹೋಗಿದ್ದೆ. ನನ್ನದು ನಲ್ಲಿ ರಿಪೇರಿ ಕೆಲಸ. ಅವಳಿಗೆ ಸೊಂಟ, ನನಗೆ ಮೊಣಕಾಲು. ಅವಳು ನೆಲದ ಮೇಲೆ ಕಂಬಳಿಯಲ್ಲಿ ಒರಗಿದ್ದಳು. ಆಸ್ಪತ್ರೆಯ ಹುಡುಗಿಯರು ಮೊಬೈಲಿನಲ್ಲಿ ಹಳೆಯ ಜಾಹೀರಾತುಗಳನ್ನು ಹುಡುಕಿ ನೋಡುತ್ತಾರಂತೆ, ನಮ್ಮೂರಿನವೂ ಸಿಗುತ್ತವೆಯೇ ಅಂತ ಕೇಳಿದಳು. ನಲವತ್ತು ವರ್ಷ ತಪ್ಪಿಸಿಕೊಂಡು ಓಡಿದವಳು ಈಗ ಯಾಕೆ ಹುಡುಕುತ್ತೀಯ ಅಂತ ಕೆಣಕಿದೆ. ಅವಳು ನಗಲಿಲ್ಲ.

"ಅಮ್ಮನ ಮುಖ ನಂಗೂ ಮರೀತಾ ಇದೆ ಕಣೋ," ಅಂದಳು. "ಇಷ್ಟು ದಿನ ಕಣ್ಣು ಮುಚ್ಚಿದ್ರೆ ಬರ್ತಿತ್ತು. ಈಗ ಮೂಗು ಬಂದ್ರೆ ಕಣ್ಣು ಬರಲ್ಲ. ಒಂದೇ ಒಂದ್ಸಲ ನೋಡಿಬಿಟ್ರೆ ಸಾಕು."

ಇಬ್ಬರಲ್ಲಿ ಅಮ್ಮನ ಮುಖ ಇದ್ದದ್ದು ಅವಳೊಬ್ಬಳ ಹತ್ತಿರ. ಅದೂ ಅಳಿಸಿಹೋದರೆ ಅಮ್ಮ ಪೂರ್ತಿ ಹೋದಳು ಅಂತಲೇ ಅರ್ಥ. ನಲ್ಲಿಯನ್ನು ಬೇಕಿದ್ದಕ್ಕಿಂತ ಬಿಗಿಯಾಗಿ ತಿರುಗಿಸಿ ಎದ್ದುಬಂದೆ.

ಚಾನೆಲ್ ಮುಚ್ಚಿ ಯಾವ ಕಾಲವಾಯಿತೋ. ಅವರ ಕಟ್ಟಡದಲ್ಲಿ ಈಗ ಟೈಲ್ಸ್ ಮಾರುತ್ತಾರೆ. ಅಲ್ಲಿ ವಿಚಾರಿಸಿ, ಇನ್ನೆಲ್ಲೋ ವಿಚಾರಿಸಿ, ಕೊನೆಗೆ ಆ ಚಾನೆಲ್‌ನಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದವರ ಮನೆ ಸಿಕ್ಕಿತು. ಅವರಿಗೀಗ ಎಪ್ಪತ್ತೆರಡು, ಒಂಟಿ ಮನುಷ್ಯ, ಮನೆಯ ತುಂಬ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಮಲಗುತ್ತಾರೋ ಏನೋ, ಕೂರಲು ಜಾಗವಿರಲಿಲ್ಲ. ಹಾಸಿಗೆ ಅಂಗಡಿ ಅಂದ ತಕ್ಷಣ ಅವರೇ ಆ ಮಾತನ್ನು ಹೇಳಿ ನಕ್ಕರು. ಆ ಹುಡುಗಿ ನಮ್ಮಕ್ಕ ಅಂದೆ. ನಗು ನಿಲ್ಲಿಸಿ, ಅವರನ್ನು ಕರ್ಕೊಂಡು ಬನ್ನಿ ಅಂದರು.

ಭಾನುವಾರ ಮಧ್ಯಾಹ್ನ ಹೋದೆವು. ಅಕ್ಕ ತಲೆ ನೀಟಾಗಿ ಬಾಚಿ, ಮದುವೆಮನೆಗೆ ಹೊರಟವಳ ಹಾಗೆ ಇಸ್ತ್ರಿ ಬಟ್ಟೆ ಹಾಕಿದ್ದಳು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಒಳಗೆ ಕೂತ ಮೇಲೆ, ಚಿತ್ರ ತೆಗೆದ ದಿನದ ಪೂರ್ತಿ ಕ್ಯಾಸೆಟ್ ಇದೆಯೇ ಅಂತ ಅವಳು ಕೇಳಿದಳು. ಜಾಹೀರಾತಲ್ಲ, ಆ ದಿನ ತೆಗೆದದ್ದೆಲ್ಲ. ಅವರು ತಲೆ ಆಡಿಸಿದರು. ಆಗ ಕ್ಯಾಸೆಟ್ಟಿಗೆ ಬರ, ಬೇಕಾದ ಅರ್ಧ ನಿಮಿಷ ತೆಗೆದಿಟ್ಟುಕೊಂಡು ಉಳಿದದ್ದರ ಮೇಲೆ ಮುಂದಿನ ಅಂಗಡಿಯದನ್ನು ತೆಗೆಯುತ್ತಿದ್ದರಂತೆ. ಹಾಸಿಗೆಯ ಮೇಲೆ ಹಲ್ಲುಪುಡಿಯ ಜಾಹೀರಾತು ಬಂದು ಕೂತಿತು, ಹಲ್ಲುಪುಡಿಯ ಮೇಲೆ ಬೀಗ. ಉಳಿದಿರುವುದು ಟಿವಿಯಲ್ಲಿ ಬಂದ ಅರ್ಧ ನಿಮಿಷ ಮಾತ್ರ. ಅಕ್ಕನ ಮುಖ ಇಳಿದುಹೋಯಿತು. ಯಾಕೆ ಅಂತ ನನಗೆ ಆಗ ತಿಳಿಯಲಿಲ್ಲ.

ಅವರು ಅದನ್ನೇ ಹಾಕಿದರು. ಗೆರೆ ಗೆರೆ, ಸದ್ದು ನೀರಿನೊಳಗಿಂದ ಬಂದ ಹಾಗೆ. ಮಂಚ ಬಂತು, ಎರಡು ಜಡೆ ಬಂತು, ಪಕ್ಕದಲ್ಲಿ ಯಜಮಾನರ ಹೆಂಡತಿ ಬಂದು ನಿಂತರು. ನಲವತ್ತು ವರ್ಷದ ಜಗಳ ಗೆದ್ದ ಖುಷಿಗೆ ನನ್ನ ಬಾಯಿ ಸುಮ್ಮನಿರಲಿಲ್ಲ. ನೋಡು, ನಾನು ಹೇಳಿರಲಿಲ್ಲವಾ, ಎಲ್ಲಿದ್ದಾಳೆ ಅಮ್ಮ ಅಂದುಬಿಟ್ಟೆ.

"ಅವರನ್ನ ನೋಡಬೇಡ," ಅಂದಳು ಅಕ್ಕ. "ಕೆಳಗೆ ನೋಡು."

ಕ್ಯಾಮೆರಾದವರು ಹಿಂದಕ್ಕೆ ತಂದು ಮತ್ತೆ ಬಿಟ್ಟರು. ಮಂಚದಿಂದ ನೆಲದವರೆಗೆ ಬೆಡ್‌ಶೀಟು ಇಳಿಬಿಟ್ಟಿತ್ತು. ಅಕ್ಕ ಒಂದು ಸಲ ಹಾರಿದಳು, ಎರಡು ಸಲ ಹಾರಿದಳು. ಮೂರನೆಯದಕ್ಕೆ ಗಾಳಿಗೆ ಬೆಡ್‌ಶೀಟಿನ ಅಂಚು ಒಂದು ಗೇಣು ಮೇಲೆದ್ದಿತು. ಅವರು ಅಲ್ಲೇ ನಿಲ್ಲಿಸಿದರು. ಮಂಚದ ಕೆಳಗಿನ ಕತ್ತಲಲ್ಲಿ, ಹಾಸಿಗೆಗೆ ಒತ್ತಿ ಹಿಡಿದ ಒಂದು ಪಾದ. ಹಿಮ್ಮಡಿ ಒಡೆದಿತ್ತು. ಒಡಕಿನಲ್ಲಿ ಬೆಳ್ಳಗೆ ಹತ್ತಿ ಸಿಕ್ಕಿಕೊಂಡಿತ್ತು.

ಕ್ಯಾಮೆರಾದವರೇ ಮಾತು ಶುರುಮಾಡಿದರು. ಹತ್ತಿ ಹಾಸಿಗೆ ಎಲ್ಲಾದರೂ ಪುಟಿಯುತ್ತದೆಯೇ, ಯಜಮಾನರು ಪುಟಿಯಲೇಬೇಕು ಅಂತ ಪಟ್ಟು ಹಿಡಿದರಂತೆ. ಮಂಚದ ಹಲಗೆ ತೆಗೆದು ಪಟ್ಟಿ ಬಿಗಿದರೂ ಆಗಲಿಲ್ಲ. ಆಗ ಹೊಲಿಗೆಯ ಹೆಂಗಸೊಬ್ಬಳು, ನಾನು ದಿನಾ ಮಾಡೋ ಕೆಲಸವೇ ತಾನೇ ಅಂತ ಮಂಚದ ಕೆಳಗೆ ತೂರಿಕೊಂಡಳು. ಮಗು ಇಳಿದಾಗ ಕಾಲು ಸಡಿಲಿಸುವುದು, ಮತ್ತೆ ಒದ್ದು ಮೇಲೆ ಕಳಿಸುವುದು. ಅವಳು ಈ ಮಗುವಿನ ತಾಯಿ ಅಂತ ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ ಅಂದರು. ಹೊರಗೆ ಬಾಯಿ ಬಿಟ್ಟರೆ ಗಂಡ ಹೆಂಡತಿ ಇಬ್ಬರ ಕೆಲಸವೂ ಹೋಗುತ್ತದೆ ಅಂತ ಯಜಮಾನರು ಹೇಳಿದ್ದಂತೂ ಅವರಿಗೆ ಚೆನ್ನಾಗಿ ನೆನಪಿತ್ತು.

ನಾನು ಅಕ್ಕನ ಕಡೆ ತಿರುಗಿದೆ. ಅಂಗಡಿ ಮುಚ್ಚಿ, ಯಜಮಾನರು ಸತ್ತು, ಅಪ್ಪನೂ ಹೋಗಿ ಇಷ್ಟು ವರ್ಷವಾದರೂ ನನಗೊಬ್ಬನಿಗೆ ಹೇಳಬಹುದಿತ್ತಲ್ಲ ಅಂದೆ. ಸಿಟ್ಟು ಬಂದಿತ್ತು.

"ಅಮ್ಮ ಯಾರಿಗೂ ಹೇಳ್ಬೇಡ ಅಂದಿದ್ಲು," ಅಂದಳು ಅವಳು. "ಇನ್ಮೇಲೆ ಹೇಳ್ಬಹುದು ಅನ್ನೋಕೆ ಅವಳೇ ಇರ್ಲಿಲ್ವಲ್ಲೋ."

ಆಮೇಲೆ ನಿಧಾನವಾಗಿ, ತೆರೆಯ ಮೇಲಿಂದ ಕಣ್ಣು ತೆಗೆಯದೆ ಉಳಿದದ್ದನ್ನು ಹೇಳಿದಳು. ಆ ದಿನ ಮಧ್ಯಾಹ್ನ ಊಟವಾದಮೇಲೆ ಶುರುವಾದದ್ದು ಸಂಜೆಯವರೆಗೆ ನಡೆಯಿತಂತೆ. ಒಮ್ಮೆ ದೀಪ ಸರಿಯಿಲ್ಲ, ಒಮ್ಮೆ ಜಡೆ ಸರಿಯಿಲ್ಲ, ಒಮ್ಮೆ ಯಜಮಾನರ ಹೆಂಡತಿಗೆ ನಗು. ನಡುವೆ ಒಂದು ಸಲ ಅಮ್ಮ ಬೆಡ್‌ಶೀಟು ಸರಿಸಿ ತಲೆ ಹೊರಗೆ ಹಾಕಿ ಇವಳನ್ನು ನೋಡಿ ನಕ್ಕಳು. ತಲೆ ತುಂಬ ಹತ್ತಿ. ಕ್ಯಾಮೆರಾ ಇನ್ನೂ ಓಡುತ್ತಿದೆ, ಒಳಗೆ ಹೋಗಮ್ಮ ಅಂತ ಯಾರೋ ಗದರಿದರು. ಆ ನಗುವನ್ನೇ ಅಕ್ಕ ಹುಡುಕಿಕೊಂಡು ಬಂದದ್ದು. ಅದರ ಮೇಲೆ ಹಲ್ಲುಪುಡಿ ಕೂತಿತ್ತು.

"ಮನೆಗೆ ಬಂದು ಅಮ್ಮ ಎರಡು ದಿನ ಕಾಲು ನೆಲಕ್ಕೂರಲಿಲ್ಲ," ಅಂದಳು. "ನಾನು ಆ ಮಾತು ಅಂದಾಗೆಲ್ಲ ಅವಳು ಒದ್ದು ಎತ್ತಬೇಕಿತ್ತು. ನಂಗೇನು ಗೊತ್ತು, ಹಾರೋದು ಖುಷಿಯಾಗಿತ್ತು, ಅವರು ಹೇಳ್ದಷ್ಟು ಸಲಾನೂ ಅಂದೆ, ಹೇಳ್ದೇ ಇದ್ದಾಗ್ಲೂ ಅಂದೆ."

ಶಾಲೆಯಲ್ಲಿ ಅಕ್ಕನ ಕಾಲಿನ ಬಗ್ಗೆ ಮೆರೆದದ್ದು ನೆನಪಾಯಿತು. ತೆರೆಯ ಮೇಲೆ ಅಕ್ಕ ಗಾಳಿಯಲ್ಲೇ ನಿಂತಿದ್ದಳು, ಕೆಳಗೆ ಆ ಪಾದ ಹಾಗೇ ಇತ್ತು. ಅಮ್ಮನದು ಅಂತ ನಾನು ನೋಡಿದ್ದು ಅದೊಂದೇ. ಮುಖವಂತೂ ಇನ್ನು ನನಗೂ ಸಿಗುವುದಿಲ್ಲ, ಅವಳಿಗೂ ಸಿಗುವುದಿಲ್ಲ. ಎದ್ದು ಹತ್ತಿರ ಹೋಗಿ ನೋಡೋಣ ಅಂದರೆ ಮೊಣಕಾಲು ಏಳಲೊಲ್ಲದು.

ಸಾಕಾ ಅಮ್ಮಾ, ಆಫ್ ಮಾಡಲಾ ಅಂತ ಕ್ಯಾಮೆರಾದವರು ಕೇಳಿದರು. ಅಕ್ಕ ಸೊಂಟ ಹಿಡಿದುಕೊಂಡು ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡಳು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು.

"ಇನ್ನೊಂದ್ಸಲ," ಅಂದಳು.