ಬ್ರೇಕಿನ ಡ್ರಮ್ಮಿಗೆ ಕೀಲೆಣ್ಣೆ

ನಮ್ಮ ಮನೆಗೆ ಕಾರು ಬಂದದ್ದು ಎಪ್ಪತ್ತರ ದಶಕದ ನಡುವೆ, ನಾನು ಮಾನ್ವಿಗೆ ಸೊಸೆಯಾಗಿ ಬಂದು ಐದು ವರ್ಷವಾಗಿದ್ದಾಗ. ರಾಯಚೂರಿನ ಡಾಕ್ಟರೊಬ್ಬರು ಓಡಿಸಿ ಬಿಟ್ಟಿದ್ದ ಗಾಡಿ. ನಮ್ಮವರಿಗೆ ದೇವದುರ್ಗದಲ್ಲಿ ನೌಕರಿ. ಬಸ್ಸಿನ ದಾರಿ ಕಾಯುವುದು ತಪ್ಪಿತೆಂದು ಅವರಿಗೆ ಖುಷಿ. ಕಾರಿನ ಜೊತೆ ಬಂದ, ಅದರ ರಿಪೇರಿಯ ಇಂಗ್ಲಿಷ್ ಪುಸ್ತಕ ಮಾತ್ರ ನನ್ನ ಪಾಲಿಗೆ ಬಂತು. ಹುಡುಗಿ ರಾಯಚೂರಿನ ಕಾನ್ವೆಂಟಿನಲ್ಲಿ ಓದಿದ್ದಾಳೆಂದು ಮದುವೆಯ ಮಾತುಕತೆಯಲ್ಲಿ ದೊಡ್ಡದಾಗಿ ಹೇಳಿಕೊಂಡಿದ್ದರು. ಆ ಓದು ಈ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಅಷ್ಟಕ್ಕೇ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅದನ್ನು ಕಥೆಪುಸ್ತಕದಂತೆ ಓದುತ್ತಿದ್ದೆ.

ಆ ವರ್ಷ ಆಯುಧ ಪೂಜೆಗೆಂದು ಕಾರಿಗೆ ಬಣ್ಣ ಹಚ್ಚುವ ಕೆಲಸ ಶುರುವಾಯಿತು. ಗಾಲಿ ಬಿಚ್ಚಿದರೆ, ಅವುಗಳ ಹಿಂದಿದ್ದ ಬ್ರೇಕಿನ ಡ್ರಮ್ಮುಗಳು ತುಕ್ಕು ಹಿಡಿದಿದ್ದವು. ಸಣ್ಣ ಪರಾತದಂಥ ಕಬ್ಬಿಣದ ಬಟ್ಟಲುಗಳವು. ನಮ್ಮವರು ನಾಲ್ಕನ್ನೂ ಕಳಚಿ, ಹೊರಮೈ ಉಜ್ಜಿ, ಬೆಳ್ಳಿ ಬಣ್ಣ ಬಳಿದು, ಅಂಗಳದಲ್ಲಿ ಗೋಣಿಚೀಲದ ಮೇಲೆ ಬೋರಲು ಹಾಕಿದರು.

ಹಬ್ಬದ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಮಾವನವರು ಬಂದು ಡ್ರಮ್ಮುಗಳನ್ನು ಒಂದೊಂದಾಗಿ ಅಂಗಾತ ತಿರುಗಿಸಿದರು. ಅವರದು ಮಲ್ಲಟದ ಒಕ್ಕಲು ಮನೆತನ. ಪ್ರತಿ ಆಯುಧ ಪೂಜೆಗೂ ಬಂಡಿಯ ಗಾಲಿ ಕಳಚಿ, ಸಲೀಸಾಗಿ ತಿರುಗಲೆಂದು ಕೀಲೆಣ್ಣೆ ಹಚ್ಚಿದ ಕೈ. ಆ ಕಪ್ಪೆಣ್ಣೆಯ ಬಿದಿರಿನ ಕೊಳವೆ ಬಂಡಿ ಮಾರಿದ ಮೇಲೂ ಹಿತ್ತಿಲಿನ ಗೋಡೆಯಲ್ಲಿ ತೂಗುತ್ತಿತ್ತು. ಅದನ್ನು ತಂದು, ಬಟ್ಟೆಚೂರು ಅದ್ದಿ, ಡ್ರಮ್ಮುಗಳ ಒಳಮೈಗೆ ಸವರತೊಡಗಿದರು. ಕೂಸಿನ ನೆತ್ತಿಗೆ ಎಣ್ಣೆ ಒತ್ತುವಷ್ಟು ಮೆಲ್ಲಗೆ.

ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಕೈಯಲ್ಲಿ ಹೋಳಿಗೆಯ ಹೂರಣ. ಪುಸ್ತಕದ ಆ ಪುಟ ಕಣ್ಣೆದುರಿಗೆ ಬಂತು: ಒಂದು ಚಿತ್ರ, ಕೆಳಗೆ ದಪ್ಪ ಅಕ್ಷರದ ಒಂದು ಸಾಲು. ಒಳಮೈಗೆ ಎಣ್ಣೆ ಸೋಕಿದರೆ ಬ್ರೇಕ್ ಹಿಡಿಯುವುದಿಲ್ಲ.

ಮಾವನೊಡನೆ ಸೊಸೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅತ್ತೆಗೆ ಹೇಳಿದೆ.

“ಅತ್ತಿ, ಡ್ರಮ್ಮಿನ ಒಳಗ ಎಣ್ಣಿ ಹಚ್ಚಾಕತ್ತಾರ. ಹಚ್ಚಬಾರ್ದಂತ. ಗಾಡಿ ನಿಲ್ಲಂಗಿಲ್ಲಂತ.”

“ಯಾರಂದ್ರು?”

“ಪುಸ್ತಕದಾಗ ಅದರಿ.”

ಅತ್ತೆ ನಕ್ಕು, ಅಂಗಳಕ್ಕೆ ಕೇಳುವಂತೆ ಕೂಗಿದರು: “ಕೇಳಿದ್ರೇನ್ರಿ? ಎಣ್ಣಿ ಹಚ್ಚಬಾರ್ದಂತ ನಿಮ್ಮ ಸೊಸಿ ಪುಸ್ತಕ ಹೇಳ್ತದಂತ!”

“ಆ ಪುಸ್ತಕ ಬರದಾಂವ ಎಂದಾದ್ರೂ ಬಂಡಿ ಹೂಡ್ಯಾನೇನು, ಕೇಳು ಆಕಿನ್ನ,” ಎಂದರು ಮಾವ, ತಲೆ ಎತ್ತದೆ.

ನಮ್ಮವರು ಸ್ನಾನ ಮುಗಿಸಿದಾಗ ಟವಲ್ ಕೊಡುವ ನೆಪದಲ್ಲಿ ಪಿಸುಗುಟ್ಟಿದೆ. “ಮಾವನೋರು ಡ್ರಮ್ಮಿನ ಒಳಗ ಎಣ್ಣಿ ಹಚ್ಯಾರ, ಪೆಟ್ರೋಲಿನಾಗ ತೊಳೀರಿ.”

“ವಾಸನಿ ಬಡೀತದ, ಅಪ್ಪಗ ಗೊತ್ತಾಗ್ತದ. ಹಬ್ಬದ ದಿನಾ ಹೆಂಗ ಅನ್ನಲಿ ಅವರಿಗೆ? ಒರಸ್ತೀನಿ ತಗೋ.”

ಮಾವ ಕೈ ತೊಳೆಯಲು ಹೋದಾಗ ನಮ್ಮವರು ಒಣ ಬಟ್ಟೆಯಿಂದ ಅವಸರವಾಗಿ ಒರೆಸಿದರು. ಆದರೂ ಒಳಗೆ ಮಿಂಚು ಉಳಿದಿತ್ತು. ಒಂದು ಇರುವೆ ಅಂಚಿನಿಂದ ಒಳಗಿಳಿಯಲು ಹೋಗಿ, ಕಾಲು ಜಾರಿ, ತಿರುಗಿ ಹೋಯಿತು. ಅದನ್ನು ನಾನೊಬ್ಬಳೇ ನೋಡಿದೆ.

ಡ್ರಮ್ಮು, ಗಾಲಿಗಳನ್ನು ಮತ್ತೆ ಕೂರಿಸಿದರು. ಪೂಜೆಯಾಯಿತು. ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು. ಸಿರವಾರದಿಂದ ನಾದಿನಿಯನ್ನು ಹಬ್ಬದೂಟಕ್ಕೆ ಕರೆತರಬೇಕಿತ್ತು. ನನ್ನ ನಾಲ್ಕು ವರ್ಷದ ಮಗಳು ಹೊಸ ಕೆಂಪು ಫ್ರಾಕು ತೊಟ್ಟು, ಮುಂದಿನ ಸೀಟಿನಲ್ಲಿ ಅಜ್ಜನ ತೊಡೆಯೇರಿ ಕುಳಿತುಬಿಟ್ಟಿದ್ದಳು.

“ಅಕಿಗಿ ಮೈ ಬೆಚ್ಚಗ ಅದರಿ, ಬಿಟ್ಟು ಹೋಗ್ಲಿ,” ಎಂದೆ ಅತ್ತೆಗೆ. ಸುಳ್ಳು ಹೇಳಬಾರದೆಂದು ಕಲಿಸಿದ ಶಾಲೆಯಲ್ಲಿ ಹತ್ತು ವರ್ಷ ಓದಿದವಳು ನಾನು.

ಅತ್ತೆ ಮಗುವಿನ ಹಣೆ ಮುಟ್ಟಿದರು. “ತಣ್ಣಗ ಅದಲ್ಲಬೇ. ಬರೇ ಅಂಜತಿ ನೀ.”

ನಿಂಬೆಹಣ್ಣು ಪಟಪಟನೆ ಒಡೆದವು. ಮಗಳು ಕೈ ಬೀಸಿದಳು. ಗಾಡಿ ಓಣಿ ತಿರುಗಿತು. ನಾನು ಹೋಳಿಗೆ ಬೇಯಿಸಿದೆ. ಮೂರು ಸೀದುಹೋದವು. ಅತ್ತೆಯೂ ನಡುನಡುವೆ ಬಾಗಿಲಿಗೆ ಹೋಗಿ ಬರುತ್ತಿದ್ದರು.

ಹೊತ್ತು ಇಳಿಮುಖವಾದಾಗ ಯಾರದೋ ಎತ್ತಿನ ಬಂಡಿಯಲ್ಲಿ ಮೂವರೂ ಬಂದರು. ಸಿರವಾರ ಮುಟ್ಟುವ ಮೊದಲೇ, ಕಾಲುವೆಯ ಸೇತುವೆ ಇಳಿಯುವಲ್ಲಿ ಎಮ್ಮೆಗಳು ಅಡ್ಡ ಬಂದಿದ್ದವಂತೆ. ನಮ್ಮವರು ಎಷ್ಟು ತುಳಿದರೂ ಕಾರು ನಿಲ್ಲದೆ, ರಸ್ತೆಯಿಳಿದು ಭತ್ತದ ಗದ್ದೆಯಲ್ಲಿ ಹೂತುಕೊಂಡಿತ್ತು. ಮಗಳಿಗೆ ಸೊಂಟದವರೆಗೂ ರಾಡಿ, ಒಂದು ಬೂಟಿಲ್ಲ, ಮತ್ತೇನೂ ಆಗಿರಲಿಲ್ಲ. ಅವಳನ್ನು ಅವಚಿಕೊಂಡು ಬಗ್ಗಿದ್ದ ಮಾವನವರ ಹಣೆ ಬಾತಿತ್ತು. ಅವಳನ್ನು ಎತ್ತಿಕೊಂಡೆ. ಅವಳು ಹೋಳಿಗೆ ಕೇಳಿದಳು.

ದೀಪ ಹಚ್ಚುವ ಹೊತ್ತಿಗೆ ಮಾವ ಪಡಸಾಲೆಯಿಂದ ಕರೆದರು. ಐದು ವರ್ಷದಲ್ಲಿ ಮೊದಲ ಸಲ, ನನ್ನನ್ನೇ.

“ಯವ್ವಾ, ಆ ಪುಸ್ತಕ ತಗೊಂಡು ಬಾ. ಏನು ಬರದದ ಓದು.”

ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಕನ್ನಡದಲ್ಲಿ ಹೇಳುತ್ತ ಹೋದೆ. ಡ್ರಮ್ಮನ್ನು ಹೇಗೆ ಕಳಚಬೇಕು, ಧೂಳು ಹೇಗೆ ತೆಗೆಯಬೇಕು. ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ದಪ್ಪ ಅಕ್ಷರದ ಸಾಲಿಗೆ ಬಂದಾಗ ಅವರ ಬಾತ ಹಣೆ ನೋಡಿದೆ.

“ಗಾಡಿ ಮೆಲ್ಲಕ ಹೊಡೀಬೇಕಂತ ಬರದದರಿ,” ಎಂದೆ.

ಅವರು ಕೈ ನೀಡಿ ಪುಸ್ತಕ ಇಸಿದುಕೊಂಡರು. ಇಂಗ್ಲಿಷ್ ಬಾರದಿದ್ದರೂ ಚಿತ್ರ ನೋಡಿದರು. ಅದರ ಕೆಳಗಿನ ಸಾಲಿನ ಮೇಲೆ ಹೆಬ್ಬೆರಳಿಟ್ಟರು.

“ಇಷ್ಟು ದಪ್ಪ ದಪ್ಪ ಬರದದ್ದು, ಬರೇ ಮೆಲ್ಲಕ ಹೊಡಿ ಅಂತೇನು, ಯವ್ವಾ?”

ಬೆರಳು ಎದ್ದ ಜಾಗದಲ್ಲಿ, ತೊಳೆದರೂ ಉಗುರಸಂದಿಯಲ್ಲಿ ಉಳಿದಿದ್ದ ಕೀಲೆಣ್ಣೆಯ ಕಲೆ ಮೂಡಿತು. ನಾನು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತೆ.